ಹುಂಜದ ಕಾಲಿಗೆ ತೊಗಲಿನ ಬೇಡಿ

ಹಿತ್ತಿಲ ಕೋಳಿಗೂಡು ಎಲ್ಲಿರಬೇಕು? ಅಡುಗೆಮನೆಯ ಹೊಗೆ ತಾಗುವಷ್ಟು ಹತ್ತಿರ ಎಂದವನು ಕ್ರಿ.ಶ. 1ನೇ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲಾ. ಹೊಗೆ ಕೋಳಿಗೆ ಹಿತವೆಂದು ಅವನ ನಂಬಿಕೆ. ಇಂದಿನ ಪಶುವೈದ್ಯರು ಒಪ್ಪಲಾರರು. ಆದರೆ ಗೂಡಿನ ಮುಖ ಚಳಿಗಾಲದ ಸೂರ್ಯೋದಯದ ಕಡೆಗಿರಲಿ ಎಂಬ ಮಾತು ತಳ್ಳಿಹಾಕುವಂಥದಲ್ಲ.

ಹುಂಜದ ವಿಷಯದಲ್ಲಿ ಅವನು ಇನ್ನೂ ಕಟ್ಟುನಿಟ್ಟು. 5 ಹೇಂಟೆಗೆ ಒಂದೇ ಹುಂಜ. ಅದು ಜಗಳಗಂಟಿಯಾದರೆ, ತೊಗಲನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ ಕಾಲಿಗೆ ತೊಡಿಸಬೇಕು. ಈ ಬೇಡಿ ಬಿದ್ದರೆ ಅದರ ರೋಷ ಇಳಿಯುತ್ತದಂತೆ.

ಗ್ರೀಕರು ಕಾಳಗಕ್ಕೆಂದೇ ಹುಂಜ ಸಾಕುತ್ತಿದ್ದುದು ಅವನಿಗೆ ಸರಿಬರಲಿಲ್ಲ. ಪಣಕ್ಕಿಟ್ಟ ಪಿತ್ರಾರ್ಜಿತವನ್ನೆಲ್ಲ ಗೆದ್ದ ಹುಂಜವೇ ಹೊತ್ತೊಯ್ಯುತ್ತದೆ ಎಂದು ಬರೆದ. ಕೋಳಿ ಸಾಕುವುದು ಸಂಸಾರದ ಆದಾಯಕ್ಕೆ, ಜೂಜಿಗಲ್ಲ ಎಂಬುದು ಅವನ ವಾದ. ನಮ್ಮ ತುಳುನಾಡಿನ ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಕಟ್ಟುವುದು ತೊಗಲನ್ನಲ್ಲ, ಕತ್ತಿಯನ್ನು.