ಸೀಕೋ, ಓರಿಯಂಟ್ ಡೈವಿಂಗ್ ವಾಚುಗಳು: ಡಯಲ್ ಮೇಲಿನ ಒಂದು ಪದದ ಅಂತರ

ಮಧ್ಯಮ ಬೆಲೆಯ ಆಟೊಮ್ಯಾಟಿಕ್ ಡೈವಿಂಗ್ ವಾಚುಗಳ ಮಾತು ಬಂದಾಗಲೆಲ್ಲ ಜಪಾನಿನ ಎರಡು ಮಾದರಿಗಳ ಹೆಸರು ಜೊತೆಯಾಗಿ ಕೇಳಿಬರುತ್ತದೆ: ಸೀಕೋ ಎಸ್‌ಕೆಎಕ್ಸ್ 007 ಮತ್ತು ಓರಿಯಂಟ್ ಮಾಕೊ-2. ನೋಟದಲ್ಲಿ ಇವು ಅಣ್ಣತಮ್ಮಂದಿರಂತಿವೆ. ಎರಡರ ಡಯಲ್ ಮೇಲೂ 200 ಮೀಟರ್ ಎಂಬ ಅಂಕಿಯಿದೆ. ಆದರೆ ಸೀಕೋ ಡಯಲ್‌ನಲ್ಲಿ ಆ ಅಂಕಿಯೊಡನೆ ‘ಡೈವರ್ಸ್’ ಎಂಬ ಪದವಿದ್ದರೆ, ಓರಿಯಂಟ್ ಡಯಲ್‌ನಲ್ಲಿ ‘ವಾಟರ್ ರೆಸಿಸ್ಟ್’ ಎಂದಷ್ಟೇ ಇದೆ. ಕೊಳ್ಳುವವರು ಮೊದಲು ಗಮನಿಸಬೇಕಾದ ವ್ಯತ್ಯಾಸ ಇದೇ.

ಒಳಗಿನ ಯಂತ್ರ

ಆಟೊಮ್ಯಾಟಿಕ್ ವಾಚಿಗೆ ಬ್ಯಾಟರಿ ಬೇಕಿಲ್ಲ. ಧರಿಸಿದವರ ಕೈ ಆಡಿದಂತೆ ಒಳಗಿನ ಅರ್ಧಚಂದ್ರಾಕಾರದ ತೂಕ ತಿರುಗಿ ಸ್ಪ್ರಿಂಗನ್ನು ಬಿಗಿಗೊಳಿಸುತ್ತದೆ. ಎಸ್‌ಕೆಎಕ್ಸ್ 007ರಲ್ಲಿರುವುದು 21 ಹರಳುಗಳ 7ಎಸ್26 ಯಂತ್ರ. ಕಂಪನಿ ಇದಕ್ಕೆ ಹೇಳುವ ಮಿತಿ ದಿನಕ್ಕೆ 40 ಸೆಕೆಂಡು ಮುಂದೆ ಅಥವಾ 20 ಸೆಕೆಂಡು ಹಿಂದೆ. ಗಟ್ಟಿಮುಟ್ಟಾದ ಯಂತ್ರವೆಂಬ ಹೆಸರು ಇದಕ್ಕಿದೆ. ಆದರೆ ಕೈಯಿಂದ ಕೀಲಿ ಕೊಡಲು ಬಾರದು. ಸಮಯ ಹೊಂದಿಸುವಾಗ ಸೆಕೆಂಡಿನ ಮುಳ್ಳು ನಿಲ್ಲುವುದೂ ಇಲ್ಲ. ನಿಂತುಹೋದ ವಾಚನ್ನು ಅಲುಗಾಡಿಸಿಯೇ ಎಬ್ಬಿಸಬೇಕು.

ಮಾಕೊ-2ರ ಎಫ್6922 ಯಂತ್ರದಲ್ಲಿ ಈ ಎರಡೂ ಸೌಕರ್ಯಗಳಿವೆ. ಅದರ ಮಿತಿ ದಿನಕ್ಕೆ 25 ಸೆಕೆಂಡು ಮುಂದೆ ಅಥವಾ 15 ಸೆಕೆಂಡು ಹಿಂದೆ. ಎರಡೂ ವಾರ ಮತ್ತು ದಿನಾಂಕವನ್ನು ತೋರಿಸುತ್ತವೆ. ಪೂರ್ತಿ ಬಿಗಿಗೊಂಡರೆ ಸುಮಾರು 40 ಗಂಟೆ ಓಡುತ್ತವೆ. ದಿನಬಳಕೆಯ ಅನುಕೂಲದ ದೃಷ್ಟಿಯಿಂದ ಓರಿಯಂಟ್‌ನದೇ ಮೇಲುಗೈ.

‘ಡೈವರ್ಸ್’ ಎಂದರೇನು?

ಈ ಪದವನ್ನು ಬೇಕೆಂದ ಹಾಗೆ ಅಚ್ಚುಹಾಕಿಸುವಂತಿಲ್ಲ. ಐಎಸ್ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡವು ಇದಕ್ಕೆ ನಿಯಮ ವಿಧಿಸಿದೆ. ವಾಚು ಕನಿಷ್ಠ 100 ಮೀಟರ್ ಆಳವನ್ನು ತಾಳಬೇಕು. ನಮೂದಿಸಿದ ಆಳದ ಒತ್ತಡಕ್ಕಿಂತ ಶೇ 25ರಷ್ಟು ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆಗೊಳಗಾಗಬೇಕು. ಉಪ್ಪುನೀರು, ಆಘಾತ, ಅಯಸ್ಕಾಂತಗಳ ಪರೀಕ್ಷೆಯೂ ಉಂಟು. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಕಾಣಬೇಕು, ವಾಚು ಓಡುತ್ತಿದೆಯೆಂಬುದೂ ತಿಳಿಯಬೇಕು. ಮುಖ್ಯವಾಗಿ, ನೀರಿನ ಒತ್ತಡದ ಪರೀಕ್ಷೆ ಪ್ರತಿಯೊಂದು ವಾಚಿಗೂ ನಡೆಯಬೇಕು. ಸಾಮಾನ್ಯ ಜಲನಿರೋಧಕ ವಾಚುಗಳಿಗೆ ಅನ್ವಯಿಸುವ ಐಎಸ್ಒ 22810 ಮಾನದಂಡದಲ್ಲಿ ಮಾದರಿಗಾಗಿ ಕೆಲವನ್ನು ಆಯ್ದು ಪರೀಕ್ಷಿಸಿದರೆ ಸಾಕು.

ಹಾಗೆಂದು ಓರಿಯಂಟ್‌ನ 200 ಮೀಟರ್ ಸುಳ್ಳೆಂದು ಅರ್ಥವಲ್ಲ. ಈಜಿಗೆ, ಮಳೆಗೆ, ಕಡಲತೀರದ ಪ್ರವಾಸಕ್ಕೆ ಅದು ಧಾರಾಳವಾಗಿ ಸಾಕು. ಆದರೆ ಸಿಲಿಂಡರ್ ಹೊತ್ತು ನೀರಿಗಿಳಿಯುವವರ ಅಗತ್ಯವೇ ಬೇರೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಹವ್ಯಾಸಿ ಮುಳುಗುಗಾರರ ಮಿತಿ ಸಾಮಾನ್ಯವಾಗಿ 40 ಮೀಟರ್. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಡೈವಿಂಗ್‌ಗೆ ಹೋಗುವವರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಇಂದು ಡೈವ್ ಕಂಪ್ಯೂಟರ್‌ಗಳು ಆಳ ಮತ್ತು ಅವಧಿಯನ್ನು ಲೆಕ್ಕ ಹಾಕುತ್ತವೆ. ಅವು ಕೈಕೊಟ್ಟಾಗ ಆಸರೆಯಾಗುವುದು ಮಣಿಕಟ್ಟಿನ ವಾಚು.

ಡಯಲ್ ಸುತ್ತಲಿನ ಬೆಜೆಲ್ ಎಂಬ ಉಂಗುರ ಇರುವುದು ಇದಕ್ಕಾಗಿಯೇ. ನೀರಿಗಿಳಿಯುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ ಕಳೆದ ಸಮಯ ತಿಳಿಯುತ್ತದೆ. ಎರಡೂ ವಾಚುಗಳಲ್ಲಿ ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ಅಕಸ್ಮಾತ್ ಸರಿದರೂ ಕಳೆದ ಸಮಯ ಹೆಚ್ಚಾಗಿ ಕಾಣುವುದೇ ಹೊರತು ಕಡಿಮೆಯಾಗಿ ಅಲ್ಲ. ಮುಳುಗಿದವರು ಬೇಗನೆ ಮೇಲೆ ಬರುತ್ತಾರೆ. ಗಾಳಿ ಮುಗಿಯುವವರೆಗೆ ಕೆಳಗೆ ಉಳಿಯುವುದಿಲ್ಲ.

ಈಗ ಕೊಳ್ಳುವವರಿಗೆ

1996ರಲ್ಲಿ ಬಂದ ಎಸ್‌ಕೆಎಕ್ಸ್ 007ರ ತಯಾರಿಕೆ 2019ರಲ್ಲಿ ನಿಂತಿತು. ಅದೇ ವರ್ಷ ಬಹುತೇಕ ಅದೇ ರೂಪದ ಸೀಕೋ 5 ಸ್ಪೋರ್ಟ್ಸ್ ಬಂತು. ಅದರ 4ಆರ್36 ಯಂತ್ರಕ್ಕೆ ಕೈಯಿಂದ ಕೀಲಿ ಕೊಡಬಹುದು, ಸೆಕೆಂಡಿನ ಮುಳ್ಳನ್ನೂ ನಿಲ್ಲಿಸಬಹುದು. ಆದರೆ ಅದರ ಜಲನಿರೋಧಕ ಮಿತಿ 100 ಮೀಟರ್; ‘ಡೈವರ್ಸ್’ ಎಂಬ ಪದ ಡಯಲ್‌ನಿಂದ ಮಾಯವಾಗಿದೆ. ರೂಪ ನೋಡಿ ಕೊಂಡವರು ಮೋಸಹೋಗುವುದು ಇಲ್ಲಿಯೇ.

ಹಳೆಯ ಎಸ್‌ಕೆಎಕ್ಸ್ ಕೊಳ್ಳುವವರಿಗೂ ಒಂದು ಎಚ್ಚರಿಕೆ ಅಗತ್ಯ. ಒಳಗಿನ ರಬ್ಬರ್ ವಾಷರ್‌ಗಳು ಕಾಲಕ್ರಮದಲ್ಲಿ ಗಡುಸಾಗುತ್ತವೆ. ಹಿಂಬದಿಯ ಮುಚ್ಚಳ ತೆರೆದು ಮುಚ್ಚಿದ ವಾಚಿನ ಮೇಲೆ ಮೊದಲಿನ ಭರವಸೆ ಇಡಲಾಗದು. ವಾಷರ್ ಬದಲಿಸಿ, ಒತ್ತಡದ ಪರೀಕ್ಷೆ ಮಾಡಿಸಿದ ಬಳಿಕವೇ ನೀರಿಗಿಳಿಯುವುದು ಕ್ಷೇಮ.

ಕಚೇರಿಗೂ ಈಜುಕೊಳಕ್ಕೂ ಒಂದೇ ವಾಚು ಸಾಕೆನ್ನುವವರಿಗೆ ಓರಿಯಂಟ್ ಒಳ್ಳೆಯ ಆಯ್ಕೆ. ಸಮುದ್ರದಾಳಕ್ಕೆ ಇಳಿಯುವವರು ಯಾವ ಕಂಪನಿಯದನ್ನೇ ಆರಿಸಲಿ, ಅಂಕಿಯ ಜೊತೆಗಿರುವ ಪದವನ್ನು ಓದಿ ಕೊಳ್ಳಬೇಕು.