ಬೈಕಲಿನ ಎರಡು ದಡ: ಬುರ್ಯಾತ್ ಜನಾಂಗಚರಿತ್ರೆಯ ಅಧ್ಯಯನ ನಡೆದುಬಂದ ದಾರಿ

ದಕ್ಷಿಣ ಸೈಬೀರಿಯಾದಲ್ಲಿ ಬೈಕಲ್ ಸರೋವರದ ಪೂರ್ವಕ್ಕೂ ಪಶ್ಚಿಮಕ್ಕೂ ಹರಡಿಕೊಂಡಿರುವ ಬುರ್ಯಾತರು ಮಂಗೋಲ್ ಭಾಷಾವರ್ಗಕ್ಕೆ ಸೇರಿದ ಜನ. 2010ರ ರಷ್ಯಾ ಜನಗಣತಿಯಲ್ಲಿ ಅವರ ಸಂಖ್ಯೆ 4,61,389 ಆಗಿದ್ದು, ಅವರಲ್ಲಿ ಸುಮಾರು 2.87 ಲಕ್ಷ ಮಂದಿ ಬುರ್ಯಾತಿಯಾ ಗಣರಾಜ್ಯದಲ್ಲಿಯೂ ಉಳಿದವರಲ್ಲಿ ಹೆಚ್ಚಿನವರು ಇರ್ಕುತ್ಸ್ಕ್ ಪ್ರಾಂತ ಮತ್ತು ಬೈಕಲಿನಾಚೆಯ ಜಬೈಕಾಲ್ಯೆ ಪ್ರದೇಶಗಳಲ್ಲಿಯೂ ನೆಲೆಸಿದ್ದರು. ಮಂಗೋಲಿಯಾ ಮತ್ತು ಚೀನಾದ ಹುಲುನ್‌ಬುಯಿರ್ ಸೀಮೆಯಲ್ಲಿರುವವರು ಈ ಲೆಕ್ಕಕ್ಕೆ ಸೇರಿಲ್ಲ. ಈ ಜನ ಎಲ್ಲಿಂದ ಬಂದರು, ಹೇಗೆ ನೆಲೆಯೂರಿದರು ಎಂಬ ಎರಡು ಪ್ರಶ್ನೆಗಳ ಸುತ್ತ ಮೂರು ಶತಮಾನಗಳಿಂದ ಬೆಳೆದುಬಂದಿರುವ ವಿದ್ವತ್ತನ್ನು ಓದುವಾಗ ಒಂದು ಸಂಗತಿಯನ್ನು ಮರೆಯಲಾಗದು: ವಿದ್ವಾಂಸರು ಆಧರಿಸಿದ ದಾಖಲೆಗಳಲ್ಲಿ ಬಹುಪಾಲು ಕಪ್ಪ ವಸೂಲಿಗಾಗಿಯೋ ಭೂಮಿ ಹಂಚಿಕೆಗಾಗಿಯೋ ಗಡಿ ಗುರುತಿಸುವುದಕ್ಕಾಗಿಯೋ ಸಿದ್ಧವಾದವು, ಆದ್ದರಿಂದ ಅವುಗಳಿಂದ ಮೂಡಿದ ಬುರ್ಯಾತ್ ಭೂಪಟದಲ್ಲಿ ಆಡಳಿತದ ಗೆರೆಗಳು ಯಾವುವು, ಜನರ ಗೆರೆಗಳು ಯಾವುವು ಎಂದು ಬಿಡಿಸುವುದೇ ಈ ಕ್ಷೇತ್ರದ ಮುಖ್ಯ ಕೆಲಸವಾಗಿ ಪರಿಣಮಿಸಿತು.

ಮೊದಲ ಸಾಮಗ್ರಿ ಒದಗಿದ್ದು ಕಸಾಕ್ ಪಡೆಗಳ ಠಾಣ್ಯಗಳಿಂದ. 1631ರಲ್ಲಿ ಅಂಗಾರಾ ನದಿಯ ದಡದಲ್ಲಿ ಬ್ರಾತ್ಸ್ಕ್ ಕೋಟೆಯೂ, ಮುಂದೆ ವೆರ್ಖೊಲೆನ್ಸ್ಕ್, ಬರ್ಗುಜಿನ್, ಇರ್ಕುತ್ಸ್ಕ್ ಮತ್ತು ಸೆಲೆಂಗಿನ್ಸ್ಕ್ ಕೋಟೆಗಳೂ ತಲೆಯೆತ್ತಿದಂತೆ, ತುಪ್ಪಳದ ರೂಪದಲ್ಲಿ ಸಲ್ಲಬೇಕಾದ 'ಯಸಾಕ್' ಎಂಬ ಕಪ್ಪದ ಪುಸ್ತಕಗಳಲ್ಲಿ ಕುಲಗಳ ಹೆಸರುಗಳು ಸಾಲುಗಟ್ಟಿದವು. 1733ರಿಂದ 1743ರವರೆಗೆ ಸೈಬೀರಿಯಾದಲ್ಲಿ ಸಂಚರಿಸಿದ ಗೆರ್ಹಾರ್ಡ್ ಫ್ರೆಡ್ರಿಕ್ ಮ್ಯುಲ್ಲರ್ ಅಲ್ಲಿನ ಪಟ್ಟಣಗಳ ಕಡತಗಳಿಂದ ನಕಲು ಮಾಡಿಸಿಕೊಂಡ ಕಾಗದಪತ್ರಗಳು ಇಂದಿಗೂ ಈ ಅಧ್ಯಯನದ ಅಡಿಪಾಯವಾಗಿವೆ. ಪೀಟರ್ ಸೈಮನ್ ಪಲ್ಲಾಸ್ ಮಂಗೋಲ್ ಜನಗಳ ಬಗೆಗಿನ ತನ್ನ ಕೃತಿಯ ಮೊದಲ ಸಂಪುಟವನ್ನು 1776ರಲ್ಲಿ ಪ್ರಕಟಿಸುವ ವೇಳೆಗೆ, ಬುರ್ಯಾತರನ್ನು ಮಂಗೋಲರ ಒಂದು ಕವಲಾಗಿ ಆದರೆ ರಷ್ಯಾದ ಪ್ರಜೆಗಳಾಗಿ ಕಾಣುವ ದೃಷ್ಟಿ ಗಟ್ಟಿಯಾಗಿತ್ತು. ಆ 'ಆದರೆ'ಯ ಹಿಂದೆ 1727ರ ಒಪ್ಪಂದವಿತ್ತು. ರಷ್ಯಾ ಮತ್ತು ಚಿಂಗ್ ಸಾಮ್ರಾಜ್ಯಗಳು ಅಂದು ಗಡಿಗಲ್ಲು ನೆಟ್ಟ ಮೇಲೆ, 17ನೇ ಶತಮಾನದ ಕೊನೆಗೆ ಮಂಗೋಲಿಯಾದಿಂದ ಸೆಲೆಂಗಾ ಕಣಿವೆಗೆ ಬಂದು ಉಳಿದ ಸೊಂಗೋಲ್, ತಬಾಂಗುತ್ ಮೊದಲಾದ ಗುಂಪುಗಳು ಬುರ್ಯಾತರೆಂದೇ ಎಣಿಕೆಗೆ ಬಂದವು.

19ನೇ ಶತಮಾನದಲ್ಲಿ ಬುರ್ಯಾತರೇ ತಮ್ಮ ಚರಿತ್ರೆಯನ್ನು ಬರೆಯತೊಡಗಿದರು. 1822ರಲ್ಲಿ ಸ್ಪೆರಾನ್ಸ್ಕಿ ರೂಪಿಸಿದ ಆಡಳಿತ ನಿಯಮಾವಳಿಯಂತೆ 'ಹುಲ್ಲುಗಾವಲಿನ ದೂಮಾ' ಎಂಬ ಸ್ವಯಮಾಡಳಿತ ಸಭೆಗಳು ಏರ್ಪಟ್ಟು, ಅವುಗಳ ಪರಿಸರದಲ್ಲಿ ಮಂಗೋಲ್ ಲಿಪಿಯ ಇತಿವೃತ್ತಗಳು ಹುಟ್ಟಿದವು. ಆಗಾ ಬುರ್ಯಾತರ ಮುಖ್ಯಸ್ಥನಾಗಿದ್ದ ತುಗುಲ್ತುರ್ ತೊಬೊಯೆವ್ 1863ರಲ್ಲಿ ಬರೆದದ್ದು ಮತ್ತು ವಂದಾನ್ ಯುಮ್ಸುನೊವ್ 1875ರಲ್ಲಿ ಬರೆದದ್ದು ಇವುಗಳಲ್ಲಿ ಪ್ರಸಿದ್ಧ. ಹಂಸಕನ್ಯೆಯನ್ನು ವರಿಸಿದ ಖೊರಿದೊಯ್ ಎಂಬ ಮೂಲಪುರುಷನ ಹನ್ನೊಂದು ಮಕ್ಕಳಿಂದ ಖೊರಿ ಬುರ್ಯಾತರ ಹನ್ನೊಂದು ಕುಲಗಳು ಹುಟ್ಟಿದುವೆಂಬ ಐತಿಹ್ಯವನ್ನು ಈ ಪರಂಪರೆ ಕಾಪಾಡಿಕೊಂಡು ಬಂದಿದೆ. ಕರ್ನಾಟಕದ ಸ್ಥಳೀಯ ಕೈಫಿಯತ್ತುಗಳನ್ನು ಬಲ್ಲ ಓದುಗರಿಗೆ ಈ ಬರಹಗಳ ಸ್ವಭಾವ ಅಪರಿಚಿತವೆನಿಸದು: ಪುರಾಣ, ವಂಶಾವಳಿ, ಭೂಮಿಯ ಹಕ್ಕು ಮತ್ತು ಅಧಿಕಾರಸ್ಥ ಮನೆತನದ ಹೆಗ್ಗಳಿಕೆ ಇವೆಲ್ಲ ಒಂದೇ ಹೆಣಿಗೆಯಲ್ಲಿ ಬರುತ್ತವೆ. ಇದೇ ಕಾಲದಲ್ಲಿ ಕಜಾನ್ ವಿಶ್ವವಿದ್ಯಾಲಯದಲ್ಲಿ ಓದಿದ ದೋರ್ಜಿ ಬಂಜಾರೊವ್ ಮಂಗೋಲರ ಶಾಮನ್ ಧರ್ಮವನ್ನು ಕುರಿತು 1846ರಲ್ಲಿ ಪ್ರಬಂಧ ಪ್ರಕಟಿಸಿ ಯುರೋಪಿನ ಮಾದರಿಯ ಶಾಸ್ತ್ರೀಯ ಶಿಕ್ಷಣ ಪಡೆದ ಮೊದಲ ಬುರ್ಯಾತ್ ವಿದ್ವಾಂಸನೆನಿಸಿದನು. ಮುಂದಿನ ಪೀಳಿಗೆಯ ಮತ್ವೇಯ್ ಖಂಗಾಲೊವ್ ಪಶ್ಚಿಮದ ಬುರ್ಯಾತರ ನಡುವೆ ಹಾಡು, ಆಚರಣೆ ಮತ್ತು ಸಾಮೂಹಿಕ ಬೇಟೆಯ ನೆನಪುಗಳನ್ನು ದಶಕಗಳ ಕಾಲ ಸಂಗ್ರಹಿಸಿದನು.

ನೆಲೆಯ ವಿನ್ಯಾಸದ ಅತ್ಯಂತ ವಿವರವಾದ ಚಿತ್ರ ದೊರಕಿದ್ದು ಮಾತ್ರ ಇಂಥ ವಿದ್ವಾಂಸರಿಂದಲ್ಲ, ಸರ್ಕಾರದ ಲೆಕ್ಕಿಗರಿಂದ. ಸೈಬೀರಿಯಾ ರೈಲುಮಾರ್ಗದ ಜೊತೆಯಲ್ಲಿ ರೈತ ವಲಸಿಗರಿಗೆ ಜಮೀನು ಬೇಕಾದಾಗ, 1897ರಲ್ಲಿ ಕುಲೋಮ್ಜಿನ್ ಆಯೋಗವು ಬೈಕಲಿನ ಪೂರ್ವಭಾಗದಲ್ಲಿ ಭೂಹಿಡುವಳಿ ಮತ್ತು ದನಕರುಗಳ ಸಮೀಕ್ಷೆ ನಡೆಸಿತು. ಇಂಥ ಸಮೀಕ್ಷೆಗಳಿಂದ ಸ್ಪಷ್ಟವಾದುದೇನೆಂದರೆ, 'ಅಲೆಮಾರಿ' ಎಂಬ ಒಂದೇ ಪದದಡಿ ಹಲವು ಬಗೆಯ ಬದುಕುಗಳು ಅಡಗಿದ್ದವು. ಪಶ್ಚಿಮದಲ್ಲಿ, ಎಂದರೆ ಏಖಿರಿತರ ಕುಡಾ ಮತ್ತು ಮೇಲ್ದಂಡೆ ಲೇನಾ ಕಣಿವೆಗಳಲ್ಲಿ, ಬುಲಗಾತರ ಅಂಗಾರಾ ತೀರದಲ್ಲಿ, ಖೊಂಗೊದೋರರ ಅಲಾರ್ ಸೀಮೆಯಲ್ಲಿ, ಕುಟುಂಬಗಳು ಚಳಿಗಾಲದ ಬೀಡು ಮತ್ತು ಬೇಸಿಗೆಯ ಬೀಡುಗಳೆಂಬ ಎರಡೇ ತಾಣಗಳ ನಡುವೆ ಅಷ್ಟೇನೂ ದೂರವಲ್ಲದ ಅಂತರದಲ್ಲಿ ಓಡಾಡುತ್ತಿದ್ದವು. ಕಂಬಳಿಯ ಡೇರೆಯ ಬದಲು ಎಂಟು ಮೂಲೆಯ ಮರದ ಮನೆ ಕಟ್ಟಿಕೊಂಡಿದ್ದವು, ರೈ ಧಾನ್ಯ ಬಿತ್ತುತ್ತಿದ್ದವು. ಚಳಿಗಾಲದ ಬೀಡಿನ ಪಕ್ಕದಲ್ಲಿ ಬೇಲಿ ಹಾಕಿ, ಗೊಬ್ಬರ ಹರಡಿ, ಅನುಕೂಲವಿದ್ದಲ್ಲಿ ನೀರು ಹಾಯಿಸಿ ಬೆಳೆಸುತ್ತಿದ್ದ 'ಉತುಗ್' ಎಂಬ ಹುಲ್ಲಿನ ತಾಕು ಒಂದು ಮನೆತನವನ್ನು ಒಂದೇ ಜಾಗಕ್ಕೆ ಕಟ್ಟಿಹಾಕುವಷ್ಟು ಬೆಲೆಯುಳ್ಳದ್ದಾಗಿತ್ತು. ಪೂರ್ವದಲ್ಲಿ ಉದಾ, ಓನೊನ್ ಮತ್ತು ಆಗಾ ನದಿಗಳ ಬಯಲಿನಲ್ಲಿದ್ದ ಖೊರಿ ಜನರಾದರೋ ಹೆಚ್ಚು ದೂರದ, ಋತುವಿಗೊಂದರಂತೆ ಬದಲಾಗುವ ಹುಲ್ಲುಗಾವಲುಗಳನ್ನು ಅವಲಂಬಿಸಿದ್ದರು. ಹುಲ್ಲು ಕೂಡಿಡುವುದಕ್ಕಿಂತ ಹಿಂಡನ್ನು ಹುಲ್ಲಿದ್ದೆಡೆಗೆ ಒಯ್ಯುವುದು ಅಲ್ಲಿನ ರೂಢಿ. ಪಶ್ಚಿಮದಲ್ಲಿ ಶಾಮನ್ ಆಚರಣೆಯ ಮೇಲೆ ಆರ್ಥಡಾಕ್ಸ್ ಕ್ರೈಸ್ತ ಪದರವೂ ಪೂರ್ವದಲ್ಲಿ ಟಿಬೆಟಿನ ಬೌದ್ಧ ಪದರವೂ ಕೂಡಿದ್ದು ಈ ವ್ಯತ್ಯಾಸವನ್ನು ಆಳವಾಗಿಸಿತು. ಸಮೀಕ್ಷೆಯ ಫಲವಾಗಿ ಬಂದ ಕಾನೂನು ಗಂಡಾಳೊಬ್ಬನಿಗೆ 15 ದೆಸ್ಯಾತಿನಾ, ಅಂದರೆ ಸುಮಾರು 40 ಎಕರೆ, ಮಿತಿ ಹಾಕಿತು. ಬೇಸಾಯಗಾರನಿಗೆ ಸಾಕೆನಿಸುವ ಈ ಅಳತೆ ಹಿಂಡು ಸಾಕುವವನಿಗೆ ಏನೇನೂ ಸಾಲದು. ಈ ಒತ್ತಡಕ್ಕೆ 1917ರ ನಂತರದ ಅಂತರ್ಯುದ್ಧವೂ ಸೇರಿ, ಸಾವಿರಾರು ಕುಟುಂಬಗಳು ಮಂಗೋಲಿಯಾದ ಖೆಂತಿ ಮತ್ತು ದೊರ್ನೊದ್ ಸೀಮೆಗಳಿಗೂ ಹುಲುನ್‌ಬುಯಿರಿನ ಶೆನೆಹೆನ್ ಕಣಿವೆಗೂ ವಲಸೆ ಹೋದವು.

ಮೂಲದ ಪ್ರಶ್ನೆಗೆ ಪುರಾತತ್ತ್ವ ಶಾಸ್ತ್ರ ಬೇರೊಂದು ದಾರಿ ತೆರೆಯಿತು. ಬೆರ್ನ್‌ಹಾರ್ಡ್ ಪೆತ್ರಿ ಬೈಕಲಿನ ಪಶ್ಚಿಮದಲ್ಲಿ ಗುರುತಿಸಿದ ಕುರುಮ್ಚಿ ಸಂಸ್ಕೃತಿಯನ್ನು, 8ನೇ ಶತಮಾನದ ಓರ್ಖೋನ್ ಶಾಸನಗಳಲ್ಲಿ ಉಲ್ಲೇಖಗೊಂಡ ಕುರಿಕಾನರೆಂಬ ತುರ್ಕಿ ಜನರೊಂದಿಗೆ ಅಲೆಕ್ಸೇಯ್ ಒಕ್ಲಾದ್ನಿಕೊವ್ ಜೋಡಿಸಿದನು; ಅವರಲ್ಲೊಂದು ಪಾಲು ಲೇನಾ ನದಿಯ ಗುಂಟ ಉತ್ತರಕ್ಕೆ ಸರಿದು ಯಾಕುತರ ಪೂರ್ವಿಕರಾಯಿತೆಂದೂ, ಉಳಿದವರು ಆಮೇಲೆ ಬಂದ ಮಂಗೋಲ್ ಭಾಷಿಕರಲ್ಲಿ ಬೆರೆತರೆಂದೂ ವಾದಿಸಿದನು. ಹೀಗೆ ಬುರ್ಯಾತರ ಮೂಲವು ಒಂದೇ ವಲಸೆಯ ಕಥೆಯಾಗುವ ಬದಲು ತುರ್ಕಿ, ಮಂಗೋಲ್ ಮತ್ತು ಎವೆಂಕಿ ಪದರಗಳ ಕೂಡಿಕೆಯಾಗಿ ಕಾಣತೊಡಗಿತು. ಆದರೆ ರಾಜಕೀಯ ಈ ಚರ್ಚೆಯನ್ನು ಅದರ ಪಾಡಿಗೆ ಬಿಡಲಿಲ್ಲ. 1923ರಲ್ಲಿ ಸ್ಥಾಪನೆಯಾದ ಬುರ್ಯಾತ್-ಮಂಗೋಲ್ ಸ್ವಾಯತ್ತ ಗಣರಾಜ್ಯವನ್ನು 1937ರಲ್ಲಿ ಒಡೆದು ಉಸ್ತ್-ಓರ್ದಾ ಮತ್ತು ಆಗಾ ಪ್ರದೇಶಗಳನ್ನು ಬೇರೆ ಮಾಡಲಾಯಿತು; ಮಹಾಕಾವ್ಯಗಳ ಸಂಗ್ರಾಹಕ ತ್ಸಿಬೆನ್ ಝಮ್ತ್ಸರಾನೊ ಅದೇ ವರ್ಷ ಬಂಧನಕ್ಕೊಳಗಾಗಿ 1942ರಲ್ಲಿ ಸೆರೆಯಲ್ಲೇ ತೀರಿಕೊಂಡನು; 1958ರಲ್ಲಿ ಗಣರಾಜ್ಯದ ಹೆಸರಿನಿಂದ 'ಮಂಗೋಲ್' ಎಂಬುದು ಹೋಯಿತು. ರಷ್ಯಾಕ್ಕೆ 'ಸ್ವಯಂಪ್ರೇರಿತ ಸೇರ್ಪಡೆ'ಯ 300ನೇ ವರ್ಷವನ್ನು 1959ರಲ್ಲಿಯೂ 350ನೇ ವರ್ಷವನ್ನು 2011ರಲ್ಲಿಯೂ ಆಚರಿಸಲಾಯಿತೆಂದರೆ, ಕೂಡಿ ಕಳೆದು ನೋಡುವ ಓದುಗರಿಗೆ ಆ ಸೇರ್ಪಡೆಯ ಇಸವಿಯೇ ಎರಡು ವರ್ಷ ಜರುಗಿರುವುದು ತಿಳಿಯುತ್ತದೆ. ಕಸಾಕ್ ಕೋಟೆಗಳ ಮೇಲೆ ಬುರ್ಯಾತರು ನಡೆಸಿದ ದಾಳಿಗಳು ಇಂಥ ಸಂದರ್ಭಗಳ ಬರಹಗಳಲ್ಲಿ ಹಿಂದೆ ಸರಿದವು.

ಇಂಥ ವಾತಾವರಣದಲ್ಲಿಯೂ ಗಟ್ಟಿ ಕೆಲಸ ನಿಲ್ಲಲಿಲ್ಲ. ಬೊರಿಸ್ ದೊಲ್ಗಿಖ್ ಯಸಾಕ್ ಪುಸ್ತಕಗಳ ಲೆಕ್ಕವನ್ನು ಹೋಲಿಸಿ, 17ನೇ ಶತಮಾನದ ಸೈಬೀರಿಯಾದ ಕುಲ ಮತ್ತು ಬುಡಕಟ್ಟುಗಳ ನೆಲೆಗಳನ್ನು ಭೂಪಟಕ್ಕೆ ಇಳಿಸಿದ ಗ್ರಂಥವನ್ನು 1960ರಲ್ಲಿ ಪ್ರಕಟಿಸಿದನು. ರಷ್ಯನ್ನರು ಬಂದಾಗ ಇದ್ದದ್ದು ಹಲವು ಬುಡಕಟ್ಟುಗಳು, ಅವು ಒಂದು ಜನಾಂಗವಾಗಿ ಕೂಡಿದ್ದು ಆ ನಂತರದಲ್ಲಿ ಎಂಬ ಅವನ ನಿಲುವು ಸರ್ಕಾರಕ್ಕೆ ಹಿತವಾಗಿತ್ತೆಂಬ ಕಾರಣಕ್ಕೇ ತಳ್ಳಿಹಾಕತಕ್ಕದ್ದಲ್ಲ. 'ಬುರ್ಯಾತ್' ಎಂಬ ಹೆಸರು ಮೊದಲು ಪಶ್ಚಿಮದ ಗುಂಪುಗಳಿಗೆ ಅನ್ವಯಿಸಿ, ಖೊರಿ ಜನರನ್ನು ನಿಧಾನವಾಗಿ ಒಳಗೊಂಡಿತೆಂಬುದಕ್ಕೆ ಆಧಾರಗಳು ಬಲವಾಗಿವೆ. 1962ರಲ್ಲಿ ಗ್ರಿಗೊರಿ ರುಮ್ಯಾಂತ್ಸೆವ್ ಖೊರಿ ಜನರ ಮೂಲವನ್ನೂ, 1972ರಲ್ಲಿ ತ್ಸೀಬಿಕ್‌ಜಾಪ್ ತ್ಸಿದೆಂದಾಂಬಾಯೆವ್ ಇತಿವೃತ್ತ ಮತ್ತು ವಂಶಾವಳಿಗಳನ್ನೂ ಕುರಿತು ಬರೆದ ಗ್ರಂಥಗಳು, ಐತಿಹ್ಯವನ್ನು ಅಪ್ಪಿಕೊಳ್ಳದೆ ಅಲ್ಲಗಳೆಯದೆ ಪರೀಕ್ಷಿಸುವ ಕ್ರಮವನ್ನು ನೆಲೆಗೊಳಿಸಿದವು.

ಹೊರಗಿನವರಲ್ಲಿ ಕ್ಯಾರೊಲಿನ್ ಹಂಫ್ರಿಯ ಕೆಲಸ ದಿಕ್ಕು ಬದಲಿಸಿತು. 1983ರಲ್ಲಿ ಪ್ರಕಟವಾದ, ಸಾಮೂಹಿಕ ಕೃಷಿಕ್ಷೇತ್ರವೊಂದನ್ನು ಕುರಿತ ಆಕೆಯ ಗ್ರಂಥವು, ಉಲುಸುಗಳೆಂಬ ಚದುರಿದ ಬೀಡುಗಳನ್ನು ದೊಡ್ಡ ಹಳ್ಳಿಗಳಾಗಿ ಒಟ್ಟುಗೂಡಿಸಿದ ಮೇಲೂ ನೆಂಟಸ್ತಿಕೆ ಮತ್ತು ವಂಶದ ನೆನಪು ಹೊಸ ವ್ಯವಸ್ಥೆಯೊಳಗೆ ಹೇಗೆ ಕೆಲಸ ಮಾಡುತ್ತಿದ್ದವು ಎಂಬುದನ್ನು ತೋರಿಸಿತು. ಗಡಿಗಳು ಸಡಿಲವಾದ 1990ರ ನಂತರ ಮಂಗೋಲಿಯಾದ ಬುರ್ಯಾತರು ಅಧ್ಯಯನದ ನಡುಮನೆಗೆ ಬಂದರು. ಮಂದುಹಾಯ್ ಬುಯಂದೆಲ್ಗೆರ್ ಮತ್ತು ಇಪ್ಪೆಯಿ ಶಿಮಾಮುರಾ ಅಲ್ಲಿ ಶಾಮನರ ಮೂಲಕ ಕಳೆದುಹೋದ ಪೂರ್ವಿಕರನ್ನು ಹುಡುಕುವ ಪ್ರಯತ್ನಗಳನ್ನು ದಾಖಲಿಸಿದ್ದಾರೆ. ಬುರ್ಯಾತ್ ಭಿಕ್ಷುಗಳ ವಿದ್ಯಾಭ್ಯಾಸದ ಹಳೆಯ ದಾರಿಯೂ ಈ ಕಾಲದಲ್ಲಿ ಮತ್ತೆ ತೆರೆಯಿತು. ಅಗ್ವಾನ್ ದೋರ್ಜಿಯೆವ್ 19ನೇ ಶತಮಾನದಲ್ಲಿ ಓದಿದ ಲ್ಹಾಸಾದ ಡ್ರೆಪುಂಗ್ ಗೋಮಾಂಗ್ ವಿದ್ಯಾಲಯ ಈಗ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಮರುಸ್ಥಾಪನೆಗೊಂಡಿರುವುದರಿಂದ, ಆ ದಾರಿ ಇಂದು ಕರ್ನಾಟಕಕ್ಕೆ ಬಂದು ಮುಟ್ಟುತ್ತದೆ.

ಇತ್ತೀಚಿನ ವರ್ಷಗಳಲ್ಲಿ ತಂದೆಯ ಕಡೆಯಿಂದ ಸಾಗಿಬರುವ ವೈ-ವರ್ಣತಂತುವಿನ ಅಧ್ಯಯನಗಳು ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ವಂಶವಾಹಿ ಗುಂಪುಗಳ ಪ್ರಮಾಣ ಕ್ರಮವಾಗಿ ಬದಲಾಗುವುದನ್ನು ತೋರಿಸಿವೆ. ಅದು ಎರಡು ದಡಗಳ ಹಳೆಯ ಭೇದವನ್ನು ಸಮರ್ಥಿಸುತ್ತದೆಯಾದರೂ, ಕುಲವೆಂಬುದು ರಕ್ತಸಂಬಂಧದ ಜೊತೆಗೆ ಆಶ್ರಯ ಮತ್ತು ಒಪ್ಪಂದಗಳಿಂದಲೂ ಬೆಳೆದ ಸಂಸ್ಥೆಯಾದ್ದರಿಂದ, ವಂಶವಾಹಿಯ ಪಟ್ಟಿಯನ್ನು ಇತಿವೃತ್ತದ ಪಟ್ಟಿಯ ಮೇಲೆ ನೇರವಾಗಿ ಹೊಂದಿಸುವುದು ಆತುರದ ಕೆಲಸ. ಇತ್ತ ನೆಲೆಯ ವಿನ್ಯಾಸವೂ ನಿಂತಿಲ್ಲ. 1960ರ ದಶಕದಲ್ಲಿ ಬ್ರಾತ್ಸ್ಕ್ ಜಲಾಶಯ ಅಂಗಾರಾ ಕಣಿವೆಯ ಹಳ್ಳಿಗಳನ್ನು ಮುಳುಗಿಸಿತು. 2008ರಲ್ಲಿ ಉಸ್ತ್-ಓರ್ದಾ ಇರ್ಕುತ್ಸ್ಕ್ ಪ್ರಾಂತದಲ್ಲಿಯೂ ಆಗಾ ಹೊಸ ಜಬೈಕಾಲ್ಯೆ ಪ್ರದೇಶದಲ್ಲಿಯೂ ವಿಲೀನಗೊಂಡು ಸ್ವಾಯತ್ತತೆ ಕಳೆದುಕೊಂಡವು. ಹಳ್ಳಿಗಳಿಂದ ಉಲಾನ್-ಉದೆ ನಗರಕ್ಕೆ ಹರಿವು ಮುಂದುವರಿದಿದೆ. 2022ರ ಸೇನಾ ಕರೆಯ ನಂತರ ಹಲವರು ಒಂದು ಶತಮಾನದ ಹಿಂದೆ ತಮ್ಮ ಬಂಧುಗಳು ಹಿಡಿದ ದಿಕ್ಕಿನಲ್ಲೇ ಮಂಗೋಲಿಯಾ ಸೇರಿದ್ದು, ಈ ಹೊಸ ವಲಸೆಯ ವಿವರಗಳು ಸರ್ಕಾರಿ ಲೆಕ್ಕಪುಸ್ತಕಗಳಿಗಿಂತ ಹೆಚ್ಚಾಗಿ ಸಂದರ್ಶನಗಳಿಂದ ಹಾಗೂ ವಲಸಿಗರ ಸ್ವಂತ ಬರಹಗಳಿಂದಲೇ ದೊರಕಬೇಕಾಗಿದೆ.