ಬಾಂಡಿನ ಬಡ್ಡಿ ಮತ್ತು ಖೋಲಿಯ ಬಾಡಿಗೆ: ಮುಂಬಯಿಯ ಸರ್ಕಾರಿ ಚಾಳುಗಳ ಸಾಲದ ಇತಿಹಾಸ

ಮುಂಬಯಿಯ ವರಳಿ, ನಾಯಗಾಂವ, ಶಿವಡಿ ಮತ್ತು ಹಿಂದೆ ಡಿಲೈಲ್ ರೋಡ್ ಎನಿಸಿಕೊಂಡಿದ್ದ ಇಂದಿನ ಎನ್. ಎಂ. ಜೋಶಿ ಮಾರ್ಗ, ಈ ನಾಲ್ಕೆಡೆಗಳಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಎದ್ದ ನಾಲ್ಕಂತಸ್ತಿನ ಕಾಂಕ್ರೀಟ್ ಕಟ್ಟಡಗಳನ್ನು ಕಾಣದ ಮುಂಬಯಿಕರನಿಲ್ಲ. ‘ಬಿ.ಡಿ.ಡಿ. ಚಾಳು’ ಎಂಬ ಹೆಸರು ಎಲ್ಲರ ಬಾಯಲ್ಲೂ ಇದೆ. ಆದರೆ ಆ ಮೂರು ಅಕ್ಷರಗಳು ‘ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್’ ಎಂಬ ಸರ್ಕಾರಿ ಇಲಾಖೆಯ ಸಂಕ್ಷೇಪವೆಂಬುದು ಕೆಲವರಿಗೆ ಮಾತ್ರ ತಿಳಿದಿದೆ. ಆ ಇಲಾಖೆಯು ಸಾರ್ವಜನಿಕರಿಗೆ ಬಾಂಡುಗಳನ್ನು ಮಾರಿ ತಂದ ಸಾಲದಿಂದ ಈ ಚಾಳುಗಳನ್ನು ಕಟ್ಟಿತೆಂಬುದು ಇನ್ನೂ ಕೆಲವರಿಗೆ. ಚಾಳಿನ ಬದುಕನ್ನು ಕುರಿತು ಬರೆದವರು ಬಹಳ. ಚಾಳಿನ ಹಣವನ್ನು ಕುರಿತು ಬರೆದವರು ವಿರಳ. ಆ ಹಣ ಎಲ್ಲಿಂದ ಬಂದಿತು, ಅದರ ಬಡ್ಡಿಯನ್ನು ತೆತ್ತವರು ಯಾರು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಈ ಕಥೆ ಪ್ಲೇಗಿನಿಂದ ಆರಂಭವಾಗುತ್ತದೆ. ೧೮೯೬ರ ಸೆಪ್ಟೆಂಬರಿನಲ್ಲಿ ಮಾಂಡವಿಯ ಕಿಷ್ಕಿಂಧೆಯಂಥ ಗಲ್ಲಿಗಳಲ್ಲಿ ಡಾ. ಅಕಾಸಿಯೊ ವೀಗಾಸರು ಆ ರೋಗವನ್ನು ಗುರುತಿಸಿದರು. ಗಾಳಿ ಬೆಳಕುಗಳಿಲ್ಲದ ಮನೆಗಳೇ ಮಾರಿಯ ತವರೆಂಬ ನಂಬಿಕೆಯಿಂದ ಸರ್ಕಾರವು ೧೮೯೮ರಲ್ಲಿ ಕಾಯಿದೆಯೊಂದನ್ನು ಮಾಡಿ ‘ಇಂಪ್ರೂವ್‌ಮೆಂಟ್ ಟ್ರಸ್ಟ’ನ್ನು ಸ್ಥಾಪಿಸಿತು. ಈ ಟ್ರಸ್ಟಿನ ಬಂಡವಾಳದ ವ್ಯವಸ್ಥೆ ಗಮನಾರ್ಹವಾದುದು. ಸರ್ಕಾರ ಮತ್ತು ನಗರಸಭೆಗಳು ತಮ್ಮ ಖಾಲಿ ನೆಲವನ್ನು ಅದಕ್ಕೆ ವಹಿಸಿಕೊಟ್ಟುವು. ನಗರಸಭೆಯು ತನ್ನ ವರಮಾನದಿಂದ ವರ್ಷಂಪ್ರತಿ ಒಂದು ಪಾಲನ್ನು ಕೊಡಬೇಕಾಯಿತು. ಇವೆರಡರ ಆಧಾರದ ಮೇಲೆ ಟ್ರಸ್ಟು ಶೇಕಡಾ ೪ರ ಬಡ್ಡಿಯ ಡಿಬೆಂಚರುಗಳನ್ನು ಹೊರಡಿಸಿ ಪೇಟೆಯಿಂದ ಸಾಲವೆತ್ತಿತು. ಹೊಸ ರಸ್ತೆಗಳ ಎರಡು ಪಕ್ಕದ ನಿವೇಶನಗಳನ್ನು ಗುತ್ತಿಗೆಗೆ ಕೊಟ್ಟು, ಬಂದ ವರಮಾನದಿಂದ ಬಡ್ಡಿಯನ್ನೂ ಅಸಲನ್ನೂ ತೀರಿಸುವುದು ಅದರ ಯೋಜನೆ.

ಸಾಲ ತೀರಬೇಕಾದರೆ ನೆಲ ಒಳ್ಳೆಯ ಬೆಲೆ ತರಬೇಕು. ಬೆಲೆ ತರುವ ನೆಲದ ಮೇಲೆ ಬಡವನಿಗೆ ಮನೆ ಕಟ್ಟಲಾಗದು. ಈ ತೊಡಕು ಟ್ರಸ್ಟಿನ ಹುಟ್ಟಿನಲ್ಲಿಯೇ ಅಡಗಿದ್ದಿತು. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಮುಂತಾದ ವಿಶಾಲ ಬೀದಿಗಳು ಮೂಡಿದುವು, ಆದರೆ ಆರಂಭದ ವರ್ಷಗಳಲ್ಲಿ ಟ್ರಸ್ಟು ಬಡವರಿಗಾಗಿ ಕಟ್ಟಿದ ಖೋಲಿಗಳಿಗಿಂತ ಕೆಡವಿದ ಖೋಲಿಗಳೇ ಹೆಚ್ಚು. ಒಕ್ಕಲೆದ್ದವರು ಪಕ್ಕದ ಗಲ್ಲಿಗೆ ಹೋಗಿ ಅಲ್ಲಿಯ ದಟ್ಟಣೆಯನ್ನು ಹೆಚ್ಚಿಸಿದರು. ಹೀಗಿದ್ದರೂ ಟ್ರಸ್ಟಿನ ಚಾಳುಗಳನ್ನು ಹೀಗಳೆಯುವಂತಿಲ್ಲ. ಪರಳದ ಅಂಥದೊಂದು ಚಾಳಿನ ೫೦ ಮತ್ತು ೫೧ನೆಯ ಖೋಲಿಗಳಲ್ಲಿಯೇ ಡಾ. ಬಾಬಾಸಾಹೇಬ ಅಂಬೇಡ್ಕರರು ತಮ್ಮ ಬಾಳಿನ ಎರಡು ದಶಕಗಳನ್ನು ಕಳೆದರು. ೧೯೩೩ರಲ್ಲಿ ಟ್ರಸ್ಟು ನಗರಸಭೆಯಲ್ಲಿ ವಿಲೀನವಾಯಿತು.

ಮೊದಲನೆಯ ಮಹಾಯುದ್ಧವು ಪರಿಸ್ಥಿತಿಯನ್ನು ಇನ್ನಷ್ಟು ಬಿಗಡಾಯಿಸಿತು. ಗಿರಣಿಗಳಿಗೆ ಹಿಂದೆಂದೂ ಕಾಣದ ಲಾಭ. ಕೂಲಿಯವನಿಗೆ ಹಿಂದೆಂದೂ ಕಾಣದ ತುಟ್ಟಿ. ಬಾಡಿಗೆಯ ಏರಿಕೆಯನ್ನು ತಡೆಯಲು ೧೯೧೮ರಲ್ಲಿ ಕಾಯಿದೆ ಬಂದಿತು. ಅದೇ ವರ್ಷ ಇನ್‌ಫ್ಲುಯೆಂಜಾ. ೧೯೧೯ ಮತ್ತು ೧೯೨೦ರಲ್ಲಿ ಗಿರಣಿಗಳ ಮುಷ್ಕರ. ಆಗ ಗವರ್ನರರಾಗಿದ್ದ ಸರ್ ಜಾರ್ಜ್ ಲಾಯ್ಡರು ಅವಸರದ ಮನುಷ್ಯರು. ಮನೆ ಕೊಟ್ಟರೆ ಕಾರ್ಮಿಕನ ಅಸಮಾಧಾನ ತಣಿದೀತೆಂದು ಅವರು ನಂಬಿದರು. ೧೯೨೦ರಲ್ಲಿ ಡೆವಲಪ್‌ಮೆಂಟ್ ಇಲಾಖೆಯನ್ನು ಸ್ಥಾಪಿಸಿ, ‘ಮುಂಬಯಿ ಅಭಿವೃದ್ಧಿ ಸಾಲ’ವನ್ನು ಘೋಷಿಸಿದರು. ಬಡ್ಡಿ ಶೇಕಡಾ ಆರೂವರೆ. ಅದರ ಮೇಲೆ ಆದಾಯ ತೆರಿಗೆಯಿಲ್ಲ. ಯುದ್ಧಕಾಲದ ಲಾಭವನ್ನು ಎಲ್ಲಿ ತೊಡಗಿಸಲೆಂದು ನೋಡುತ್ತಿದ್ದ ಪೇಟೆಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ಒಂಬತ್ತು ಕೋಟಿ ರೂಪಾಯಿಗೂ ಮೀರಿ ಹಣ ಕೂಡಿತು. ಎಂಟು ವರ್ಷಗಳಲ್ಲಿ ೬೨೫ ಚಾಳುಗಳು, ಚಾಳಿಗೆ ೮೦ರಂತೆ ೫೦,೦೦೦ ಖೋಲಿಗಳು, ಎರಡೂವರೆ ಲಕ್ಷ ಜನಕ್ಕೆ ಆಸರೆ ಎಂಬುದು ಸಂಕಲ್ಪ.

ಇಲ್ಲಿ ವಾಚಕರು ನನ್ನೊಡನೆ ಒಂದು ಸಣ್ಣ ಲೆಕ್ಕವನ್ನು ಮಾಡಬೇಕೆಂದು ಕೋರುತ್ತೇನೆ. ಅನುಕೂಲಕ್ಕಾಗಿ ಒಂದು ಖೋಲಿಯನ್ನು ಕಟ್ಟಲು ಸಾವಿರ ರೂಪಾಯಿ ತಗಲುವುದೆಂದು ಇಟ್ಟುಕೊಳ್ಳೋಣ. ಟ್ರಸ್ಟಿನ ನಾಲ್ಕರ ಬಡ್ಡಿಯಂತೆ ತಿಂಗಳಿಗೆ ಮೂರು ರೂಪಾಯಿ ಐದು ಆಣೆ ನಾಲ್ಕು ಪೈ. ಲಾಯ್ಡರ ಆರೂವರೆಯಂತೆ ಐದು ರೂಪಾಯಿ ಆರು ಆಣೆ ಎಂಟು ಪೈ. ಇದು ಕೇವಲ ಬಡ್ಡಿ. ಋಣವಿಮೋಚನ ನಿಧಿ, ದುರಸ್ತಿ, ನೀರಿನ ಕರ, ಖಾಲಿ ಬಿದ್ದ ಖೋಲಿಗಳ ನಷ್ಟ, ಇವೆಲ್ಲ ಇದರ ಮೇಲೆ. ಇಟ್ಟಿಗೆಯೂ ಗಾರೆಯೂ ಅಷ್ಟೇ ಇರಲಿ, ಬಡ್ಡಿಯೊಂದು ಏರಿದ ಮಾತ್ರಕ್ಕೆ ಬಾಡಿಗೆಯ ಬುಡವೇ ಮೇಲೇರುತ್ತದೆ. ಹಣ ತುಟ್ಟಿಯಾದ ಕಾಲದಲ್ಲಿ ಸಾಲ ತಂದು ಅಗ್ಗದ ಮನೆ ಕಟ್ಟಹೊರಟಿದ್ದೇ ಈ ಯೋಜನೆಯ ಮೂಲದೋಷವೆಂದು ನನ್ನ ಅಭಿಪ್ರಾಯ. ಕಾಂಕ್ರೀಟಿನ ಗೋಡೆ ಕಾಯುತ್ತದೆ, ಕಿಟಕಿಯಿಂದ ಗಾಳಿ ಬಾರದು ಎಂಬ ದೂರುಗಳು ಆ ಕಾಲದಲ್ಲಿ ಹೆಚ್ಚು ಕೇಳಿಬಂದುವು. ಅವು ಎರಡನೆಯ ಮಾತು.

ನಷ್ಟವಾಗುವುದೆಂಬುದು ಸರ್ಕಾರಕ್ಕೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಅದನ್ನು ತುಂಬಲೆಂದೇ ಮುಂಬಯಿಗೆ ಬರುವ ಅರಳೆಯ ಪ್ರತಿಯೊಂದು ಬೇಲಿಗೆ ಒಂದು ರೂಪಾಯಿಯ ಸುಂಕವನ್ನು ಹಾಕಲಾಯಿತು. ಗಿರಣಿಯ ಕೂಲಿಗಾಗಿ ಕಟ್ಟಿದ ಮನೆಯ ಕೊರತೆಯನ್ನು ಅರಳೆಯ ವ್ಯಾಪಾರವೇ ತೆರಲಿ ಎಂಬುದು ನ್ಯಾಯವಾದ ವಿಚಾರವೇ. ಆದರೆ ಸುಂಕದಿಂದ ಕೊರತೆ ತುಂಬಲಿಲ್ಲ. ಉಳಿದುದು ಪ್ರಾಂತದ ಬೊಕ್ಕಸದ ಪಾಲಿಗೆ ಬಂದಿತು. ಆ ಬೊಕ್ಕಸವೆಂದರೆ ಮುಂಬಯಿಯ ವರ್ತಕರದು ಮಾತ್ರವಲ್ಲ. ೧೯೫೬ರವರೆಗೂ ಮುಂಬಯಿಗೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ಭೂಕಂದಾಯವೂ ಅದರೊಳಗೇ ಬೀಳುತ್ತಿದ್ದಿತು. ವರಳಿಯ ಹೆಸರನ್ನೇ ಕೇಳದ ಕನ್ನಡ ರೈತನೂ ತಿಳಿಯದೆಯೇ ಆ ಬಾಂಡಿನ ಬಡ್ಡಿಗೆ ಕಾಸು ಕೂಡಿಸಿದ್ದನು. ಮುಂಬಯಿಯ ನಿರ್ಮಾಣದಲ್ಲಿ ಕನ್ನಡಿಗರ ಪಾತ್ರವನ್ನು ಎಣಿಸುವಾಗ ಹೋಟೆಲು, ಬ್ಯಾಂಕು, ರಾತ್ರಿಶಾಲೆಗಳ ಸಾಲಿನಲ್ಲಿ ಈ ಅನಾಮಿಕ ಕಂದಾಯವನ್ನೂ ಸೇರಿಸುವುದು ಯುಕ್ತ.

ಅದೇ ಇಲಾಖೆ ಬ್ಯಾಕ್ ಬೇ ಸಮುದ್ರವನ್ನು ತುಂಬಿ ೧,೧೪೫ ಎಕರೆ ನೆಲವನ್ನು ತೆಗೆಯುವ ಸಾಹಸಕ್ಕೂ ಕೈಹಾಕಿತ್ತು. ಆ ನೆಲ ಮಾರಿದ ಲಾಭದಿಂದ ಎಲ್ಲವೂ ಸರಿಹೋದೀತೆಂಬ ಭರವಸೆ. ಒಂಬತ್ತು ಕೋಟಿಗೆ ಆರೂವರೆಯಂತೆ ವರ್ಷಕ್ಕೆ ಐವತ್ತೆಂಟೂವರೆ ಲಕ್ಷದ ಬಡ್ಡಿ ಏರುತ್ತಲೇ ಇದ್ದಿತು. ಸುರಿದ ಕೆಸರು ಮಾತ್ರ ಸಮುದ್ರಕ್ಕೆ ಹರಿದುಹೋಗುತ್ತಿದ್ದಿತು. ಖುರ್ಷೆದ್ ನರಿಮನ್ನರು ಈ ದುಂದುಗಾರಿಕೆಯನ್ನು ಬಯಲಿಗೆಳೆದರು. ಮಾನನಷ್ಟದ ಮೊಕದ್ದಮೆಯನ್ನೂ ಎದುರಿಸಿ ೧೯೨೮ರಲ್ಲಿ ಬಿಡುಗಡೆ ಹೊಂದಿದರು. ‘ಲಾಯ್ಡನ ಹುಚ್ಚು’ ಎಂಬ ಹೆಸರು ಆ ಯೋಜನೆಗೆ ಅಂಟಿಕೊಂಡಿತು.

ಚಾಳುಗಳ ಗತಿಯೂ ಭಿನ್ನವಾಗಲಿಲ್ಲ. ವರಳಿ ಅಂದು ಊರ ಹೊರಗಿನ ಬಯಲು. ಅಂಗಡಿಯಿಲ್ಲ, ಬೀದಿದೀಪವಿಲ್ಲ, ಗಿರಣಿಗೆ ದೂರ. ಅಷ್ಟರಲ್ಲಿ ಗಿರಣಿ ಉದ್ಯಮವೂ ಕುಸಿದು ಕೂಲಿಯ ಮೇಲೆ ಕತ್ತರಿ ಬಿದ್ದಿತು. ಖೋಲಿಗಳು ಸಾವಿರಗಟ್ಟಲೆ ಖಾಲಿ ಉಳಿದುವು. ಬಾಡಿಗೆಯನ್ನು ಇಳಿಸಿದರೂ ತುಂಬಲಿಲ್ಲ. ೬೨೫ ಚಾಳುಗಳ ಸಂಕಲ್ಪವು ೨೦೭ಕ್ಕೆ ನಿಂತಿತು: ವರಳಿಯಲ್ಲಿ ೧೨೧, ನಾಯಗಾಂವದಲ್ಲಿ ೪೨, ಡಿಲೈಲ್ ರೋಡಿನಲ್ಲಿ ೩೨, ಶಿವಡಿಯಲ್ಲಿ ೧೨. ಕಾನೂನುಭಂಗದ ಚಳವಳಿಯ ಕಾಲದಲ್ಲಿ ಸೆರೆಮನೆಗಳು ಸಾಲದೆ ಹೋದಾಗ ವರಳಿಯ ಕೆಲವು ಚಾಳುಗಳನ್ನೇ ತಾತ್ಕಾಲಿಕ ಸೆರೆಮನೆಯಾಗಿ ಮಾಡಲಾಯಿತು. ಕಾರ್ಮಿಕನನ್ನು ಶಾಂತಗೊಳಿಸಲು ಕಟ್ಟಿದ ಮನೆಗಳಲ್ಲಿ ಸತ್ಯಾಗ್ರಹಿಗಳು ಮಲಗಿದರು. ಮುಂದೆ ನಗರವೇ ವರಳಿಯತ್ತ ಬೆಳೆದು ಬಂದ ಮೇಲೆ ಒಂದು ಖೋಲಿಗೆ ಎರಡು ಸಂಸಾರ ಕಾದು ನಿಲ್ಲುವಂತಾಯಿತು.

ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವು ೧೯೫೨ರಲ್ಲಿ ಕಾರ್ಮಿಕರ ವಸತಿ ಯೋಜನೆಯನ್ನು ತಂದಾಗ, ರಾಜ್ಯಗಳಿಗೆ ವೆಚ್ಚದ ಅರ್ಧವನ್ನು ಸಾಲವಾಗಿಯೂ ಇನ್ನರ್ಧವನ್ನು ಸಹಾಯಧನವಾಗಿಯೂ ಕೊಡಲು ಒಪ್ಪಿತು. ಲಾಯ್ಡರ ಕಾಲದಲ್ಲಿ ಕೊರತೆಯೆಂದು ಕೊನೆಗೆ ಕಾಣಿಸಿಕೊಂಡುದನ್ನು ಇಲ್ಲಿ ಮೊದಲೇ ಲೆಕ್ಕದಲ್ಲಿ ಬರೆದುದೇ ವಿಶೇಷ. ೧೯೭೦ರಲ್ಲಿ ಹುಟ್ಟಿದ ಹುಡ್ಕೊ ಸಂಸ್ಥೆ ಬಾಂಡಿನ ದಾರಿಯನ್ನು ಮತ್ತೆ ಹಿಡಿಯಿತು. ಅದು ಬೇರೆಯೇ ಒಂದು ಲೇಖನಕ್ಕೆ ವಸ್ತು.

ಬಿ.ಡಿ.ಡಿ. ಚಾಳುಗಳ ಪುನರ್ನಿರ್ಮಾಣಕ್ಕೆ ೨೦೧೭ರಲ್ಲಿ ಭೂಮಿಪೂಜೆ ನಡೆಯಿತು. ಈ ಸಲ ನಿವಾಸಿಗಳ ಮನೆಗಳ ವೆಚ್ಚ ಹೊರಡಬೇಕಾದುದು ಅದೇ ನೆಲದಲ್ಲಿ ಏಳುವ, ಶ್ರೀಮಂತರಿಗೆ ಮಾರುವ ಗೋಪುರಗಳಿಂದ. ನೂರು ವರ್ಷದ ಹಿಂದೆ ಯಾರೂ ಬೇಡವೆಂದಿದ್ದ ವರಳಿಯ ನೆಲವೇ ಇಂದು ಸಾಲಗಾರನ ಸ್ಥಾನದಲ್ಲಿ ನಿಂತಿದೆ. ೨೦೨೫ರ ಆಗಸ್ಟ್ ೧೪ರಂದು ಅಲ್ಲಿಯ ೫೫೬ ಸಂಸಾರಗಳಿಗೆ ೫೦೦ ಚದರಡಿಯ ಹೊಸ ಮನೆಗಳ ಬೀಗದ ಕೈಗಳನ್ನು ಕೊಡಲಾಯಿತು. ಅವರು ಬಿಟ್ಟುಬಂದ ಖೋಲಿಯ ಅಳತೆ ೧೬೦ ಚದರಡಿ.